ಮನೆಬಾಗಿಲಿಗೆ ಬರುವ ಲೈಬ್ರರಿ, ಮತ್ತು ಅದರ ಚೀಲದಲ್ಲಿ ಬಂದ ಸಾಲಗಾರರು

ನಮ್ಮ ಕಾಸರಗೋಡಿನ ಪೆರ್ಲ, ಬದಿಯಡ್ಕದ ಕಡೆ ಕನ್ನಡ ಕಾದಂಬರಿ ಎಲ್ಲಿ ಸಿಗುತ್ತದೆ ಅಂತ ಯಾರಾದರೂ ಕೇಳಿದರೆ ಉತ್ತರ ಹೇಳುವುದು ಕಷ್ಟ. ಪೇಟೆಯ ಅಂಗಡಿಯಲ್ಲಿ ಪಂಚಾಂಗ ಉಂಟು, ಭಜನೆ ಪುಸ್ತಕ ಉಂಟು, ಮಕ್ಕಳ ಗೈಡು ಉಂಟು. ಕಾದಂಬರಿ ಬೇಕಾದರೆ ಮಂಗಳೂರು ಬಸ್ಸು ಹತ್ತಬೇಕು. ಮೊಣಕಾಲು ಕೇಳದವರಿಗೆ ಇನ್ನೊಂದು ದಾರಿ ಉಂಟು, ಅದರ ಬಗ್ಗೆ ಬರೆಯುವಾ ಅಂತ ಕೂತೆ. ಕೇರಳದ ಗ್ರಂಥಾಲಯಗಳಲ್ಲಿ ಹೆಂಗಸರಿಗೂ ವಯಸ್ಸಾದವರಿಗೂ ಮನೆಗೇ ಪುಸ್ತಕ ತಂದುಕೊಡುವ ಒಂದು ಯೋಜನೆ ಉಂಟು. ನಮ್ಮ ಊರಿನ ಗ್ರಂಥಾಲಯದಲ್ಲಿ ಅದು ಚೆನ್ನಾಗಿ ನಡೆಯುತ್ತಿದೆ. ನಾನು ಎರಡೂ ಲೆಕ್ಕದಲ್ಲಿ ಬರುತ್ತೇನೆ, ಹೆಂಗಸು ಮತ್ತು ವಯಸ್ಸಾದವಳು.

ಕೇರಳಕ್ಕೆ ಈ ಗ್ರಂಥಾಲಯದ ಹುಚ್ಚು ಹಿಡಿಸಿದವರು ಪಿ. ಎನ್. ಪಣಿಕ್ಕರ್. 1945ರಲ್ಲಿ ಅಂಬಲಪ್ಪುಳದಲ್ಲಿ 47 ಗ್ರಂಥಾಲಯಗಳನ್ನು ಕೂಡಿಸಿ ಸಂಘ ಕಟ್ಟಿದರು. ಆಗ ನಾವು ಆ ಕಡೆಯವರಲ್ಲ, ದಕ್ಷಿಣ ಕನ್ನಡದವರು. 1956ರಲ್ಲಿ ಕೇರಳ ನಮಗೆ ಬಂತೋ, ನಾವು ಕೇರಳಕ್ಕೆ ಹೋದೆವೋ, ಆ ಜಗಳ ಇನ್ನೊಂದು ದಿನಕ್ಕಿರಲಿ. ಬಂದ ಮೇಲೆ ಸಿಕ್ಕಿದ ಒಳ್ಳೆಯದರಲ್ಲಿ ಇದೂ ಒಂದು, ಅಷ್ಟನ್ನು ಹೇಳದಿದ್ದರೆ ಅನ್ಯಾಯ.

ಲೈಬ್ರೇರಿಯನ್ ಹುಡುಗಿ ಸ್ಕೂಟಿಯಲ್ಲಿ ಬರುತ್ತಾಳೆ. ನಮ್ಮ ಮನೆಯ ಏರು ಸ್ಕೂಟಿಗೆ ಆಗುವುದಿಲ್ಲ, ಮಳೆಗಾಲದಲ್ಲಿ ಅಲ್ಲಿ ಪಾಚಿ. ಕೆಳಗೆ ಗದ್ದೆಯ ಕಟ್ಟಪುಣಿಯಲ್ಲಿ ಗಾಡಿ ನಿಲ್ಲಿಸಿ, ಪುಸ್ತಕದ ಚೀಲವನ್ನು ರೈನ್‌ಕೋಟಿನ ಒಳಗೆ ಮಗುವಿನ ಹಾಗೆ ಹಿಡಿದುಕೊಂಡು ಹತ್ತುತ್ತಾಳೆ. ತಾನು ಚಂಡಿಯಾದರೂ ಪುಸ್ತಕ ಚಂಡಿಯಾದದ್ದನ್ನು ನಾನು ಕಂಡಿಲ್ಲ. ಜಗಲಿಯಲ್ಲಿ ಕೂತು ರಿಜಿಸ್ಟರು ಬಿಡಿಸಿ, ಹಳೆಯದನ್ನು ಹೊಡೆದು ಹಾಕಿ, ಹೊಸದನ್ನು ಬರೆದು, ನನ್ನ ಹತ್ತಿರ ಸಹಿ ಹಾಕಿಸುತ್ತಾಳೆ. ಸಹಿ ಹಾಕುವಾಗ ನನಗೆ ಪ್ರತಿ ಸಲ ನಗೆ ಬರುತ್ತದೆ. ಇಡೀ ಜನ್ಮ ನಾನು ಬೇರೆಯವರಿಂದ ಸಹಿ ಹಾಕಿಸಿದವಳು. ಸಹಕಾರಿ ಬ್ಯಾಂಕಿನ ಚಿನ್ನದ ಸಾಲದ ಕೌಂಟರಿನಲ್ಲಿ ಕೂತು ನಿವೃತ್ತಳಾದವಳು ನಾನು. ಒರೆಗಲ್ಲಿಗೆ ಉಜ್ಜಿ ನೋಡುವವರು ಬೇರೆ ಇದ್ದರು. ತೂಕ ಬರೆದು, ಕಲ್ಲಿನ ತೂಕ ಕಳೆದು, ಚೀಟಿ ಹರಿದುಕೊಟ್ಟು, ಪೊಟ್ಟಣಕ್ಕೆ ಸೀಲು ಹಾಕುವುದು ನನ್ನ ಕೆಲಸ. ಜೂನ್ ಬಂದರೆ ತಲೆ ಎತ್ತಲು ಪುರುಸೊತ್ತಿಲ್ಲ. ಶಾಲೆಯ ಖರ್ಚು, ಅಡಿಕೆಗೆ ಮದ್ದು ಬಿಡುವ ಖರ್ಚು, ಎರಡೂ ಒಟ್ಟಿಗೆ ಬರುವುದು ಆಗಲೇ.

ಇದನ್ನು ಯಾಕೆ ಹೇಳಿದೆ ಅಂದರೆ, ಹುಡುಗಿ ಈ ಮಳೆಗಾಲಕ್ಕೆ ಒಂದು ಕಟ್ಟು ಪುಸ್ತಕ ಆರಿಸಿಟ್ಟಿದ್ದಳು. "ಅಕ್ಕಾ, ಈ ಸಲ ಎಲ್ಲರಿಗೂ ಒಂದೇ ವಿಷಯದ್ದು ಕೊಡುವುದು. ಪ್ರೀತಿ, ದುಡ್ಡು, ಆಸೆ, ಕೊನೆಗೆ ಸರ್ವನಾಶ. ಓದಿ ಆದ ಮೇಲೆ ಲೈಬ್ರರಿಯಲ್ಲಿ ಕೂತು ಮಾತಾಡುವಾ" ಅಂದಳು. ನಾನು, "ಅದನ್ನು ನಾನು ಸಂಬಳ ತೆಗೆದುಕೊಂಡು ನೋಡಿದವಳು ಮಾರಾಯ್ತಿ, ಮಳೆಗಾಲಕ್ಕೆ ಏನಾದರೂ ನಗುವಂಥದ್ದು ಕೊಡು" ಅಂದೆ. ಕೊಡಲಿಲ್ಲ.

ಕಟ್ಟಿನಲ್ಲಿ ಮೊದಲನೆಯದು ಫ್ರೆಂಚ್ ಲೇಖಕ ಫ್ಲಾಬೇರನ 'ಮದಾಮ್ ಬೊವಾರಿ', ಯಾರೋ ಕಾಲೇಜು ಮಾಸ್ಟ್ರು ದಾನ ಕೊಟ್ಟ ಇಂಗ್ಲಿಷ್ ಪ್ರತಿ. 1857ರಲ್ಲಿ ಪುಸ್ತಕವಾಗಿ ಬಂದದ್ದು, ಅದೇ ವರ್ಷ ಅಶ್ಲೀಲ ಅಂತ ಕೋರ್ಟು ಹತ್ತಿ ಗೆದ್ದು ಬಂದದ್ದು. ನನ್ನ ಇಂಗ್ಲಿಷಿಗೆ ನಿಧಾನವಾಯಿತು, ಆದರೆ ಬಿಡಲು ಮನಸ್ಸು ಬರಲಿಲ್ಲ. ಇದನ್ನು ಎಲ್ಲರೂ ಗಂಡನಿಗೆ ಮೋಸ ಮಾಡಿದ ಹೆಂಗಸಿನ ಕತೆ ಅಂತ ಹೇಳುತ್ತಾರೆ. ನನಗೆ ಕಂಡದ್ದು ಸಾಲದ ಖಾತೆ.

ಎಮ್ಮಾ ಎಂಬ ಹೆಂಗಸು, ಹಳ್ಳಿಯ ಸಾಧು ಡಾಕ್ಟರನ ಹೆಂಡತಿ. ಅವಳಿಗೆ ಇಬ್ಬರು ಪ್ರಿಯಕರರು, ರೊಡಾಲ್ಫ್ ಮತ್ತು ಲಿಯೋನ್. ಆದರೆ ಕೊನೆಯ ತನಕ ಅವಳ ಕೈಬಿಡದವನು ಮೂರನೆಯವನು, ಜವಳಿ ವ್ಯಾಪಾರಿ ಲ್ಯೂರೋ. ಅವನು ಮೊದಲ ಸಲ ಮನೆಗೆ ಬಂದು ಸರಕು ಹರಡುವ ಜಾಗವನ್ನು ನಾನು ಪುನಃ ಓದಿದೆ. ಶಾಲುಗಳು, ಸೂಜಿ ಪೊಟ್ಟಣ, ಚಪ್ಪಲಿ, ಜೈಲಿನವರು ಕೆತ್ತಿದ ತೆಂಗಿನ ಮೊಟ್ಟೆ ಬಟ್ಟಲು. ತೆಂಗು! ಫ್ರಾನ್ಸಿನ ಹಳ್ಳಿಗೆ ಹೋಗಿ ಅಲ್ಲಿ ಒಬ್ಬಳ ಮನೆ ಹಾಳುಮಾಡುವ ಸಾಮಾನಿನಲ್ಲಿ ನಮ್ಮದೂ ಒಂದು ಉಂಟಲ್ಲ ಅಂತ ಅನಿಸಿತು. ಅವಳು ಬೇಡ ಅನ್ನುತ್ತಾಳೆ. ಅವನು ಒತ್ತಾಯ ಮಾಡುವುದಿಲ್ಲ. ದುಡ್ಡಿನ ಚಿಂತೆ ಬೇಡ, ನಿಮಗೇ ಬೇಕಾದರೆ ನಾನೇ ಕೊಡುತ್ತೇನೆ ಅಂತ ಹೇಳಿ ಹೋಗುತ್ತಾನೆ. ಒತ್ತಾಯ ಮಾಡದೆ ಸಾಲ ಕೊಡುವವನಿಗೆ ಹೆದರಬೇಕು ಅಂತ ನಮ್ಮ ಹಿಂದಿನ ಮ್ಯಾನೇಜರು ಹೇಳುತ್ತಿದ್ದರು.

ಮುಂದೆ ಪ್ರಿಯಕರ ರೊಡಾಲ್ಫನಿಗೆ ಬೆಳ್ಳಿ ಹಿಡಿಯ ಚಾಟಿ. ಅವನೊಟ್ಟಿಗೆ ಓಡಿಹೋಗಲಿಕ್ಕೆ ಅಂತ ದೊಡ್ಡ ನಿಲುವಂಗಿ, ಪೆಟ್ಟಿಗೆ. ಓಡಿಹೋಗುವ ಸಾಮಾನೂ ಸಾಲದ್ದೇ. ಅವನೋ ಏಪ್ರಿಕಾಟ್ ಬುಟ್ಟಿಯ ಅಡಿಯಲ್ಲಿ ಕಾಗದ ಇಟ್ಟು ಕಳಿಸಿ ಜಾರಿಕೊಂಡ. ಪ್ರೀತಿ ಹೋಯಿತು, ಪೆಟ್ಟಿಗೆಯ ಬಿಲ್ಲು ಉಳಿಯಿತು. ಮತ್ತೆ ಶುರುವಾಗುತ್ತದೆ ಪ್ರೋನೋಟಿನ ಆಟ. ಒಂದು ನೋಟಿನ ಅವಧಿ ಮುಗಿಯುವಾಗ ಅದಕ್ಕೆ ಬಡ್ಡಿ ಸೇರಿಸಿ ಇನ್ನೊಂದು. ಗಂಡನಿಂದ ಅವಳ ಹೆಸರಿಗೆ ಮುಕ್ತ್ಯಾರುನಾಮೆ ಬರೆಸಿ, ಗಂಡನ ತಂದೆಯ ಜಾಗವನ್ನೂ ಮಾರಿಸುತ್ತಾನೆ ಲ್ಯೂರೋ. ಅಷ್ಟೂ ಕಾಲ ಅವಳ ಮುಖದಲ್ಲಿ ಗೆಲುವು! ಅದು ಸುಳ್ಳಲ್ಲ. ಕೌಂಟರಿನಲ್ಲಿ ನಾನು ಕಂಡದ್ದೂ ಅದನ್ನೇ. ಬಿಡಿಸಲು ಬರುವವರು ದುಡ್ಡು ಎಣಿಸುವಾಗ ಕಣ್ಣು ಒರೆಸುತ್ತಾರೆ. ರಿನ್ಯೂ ಮಾಡಲು ಬರುವವರು ನಗುತ್ತಾ ಬರುತ್ತಾರೆ. ಅಡವಿಟ್ಟು ಕೆಟ್ಟವರನ್ನು ನಾನು ಹೆಚ್ಚು ಕಂಡಿಲ್ಲ. ಅಡಿಕೆ ಮಾರಿದ ಮೇಲೆ ಬಂದು ಬಿಡಿಸಿಕೊಂಡು ಹೋಗುತ್ತಾರೆ. ಕೆಡುವುದು ಪುನಃ ಪುನಃ ಮುಂದೆ ಹಾಕಿಸುವವರು, ಅದರ ಮೇಲೆ ಇನ್ನಷ್ಟು ತೆಗೆಯುವವರು, ಮನೆಯಲ್ಲಿ ಹೇಳದೆ ತೆಗೆಯುವವರು. ಕಟ್ಟಿನ ಎಲ್ಲಾ ಪುಸ್ತಕದಲ್ಲೂ ಕಡೆಗೆ ನನಗೆ ಕಂಡದ್ದು ಇದೇ. ಆಸೆ ಯಾರಿಗಿಲ್ಲ? ಲೆಕ್ಕ ಮುಗಿಸುವ ದಿನವನ್ನು ಮುಂದೆ ತಳ್ಳಿ ತಳ್ಳಿ ಸಾಯುತ್ತಾರೆ ಇವರು.

ಒಂದು ಜಾಗದಲ್ಲಿ ಮಾತ್ರ ಪುಸ್ತಕ ಮುಚ್ಚಿ ಅಂಗಳಕ್ಕೆ ಹೋಗಿ ನಿಂತೆ. ಎಮ್ಮಾ ಆರು ಸಣ್ಣ ಚಮಚ ತೆಗೆದು ಲಿಯೋನನ ಕೈಯಲ್ಲಿ ಕೊಡುತ್ತಾಳೆ, ಹೋಗಿ ಅಡವಿಡು ಅಂತ. ಬೆಳ್ಳಿಗೆ ಚಿನ್ನದ ನೀರು ಕೊಟ್ಟದ್ದು, ಅಪ್ಪ ಮದುವೆಗೆ ಕೊಟ್ಟದ್ದು. ಲಿಯೋನನಿಗೆ ನಾಚಿಕೆ. ಅವನು ಅಡವಿನ ಅಂಗಡಿಯ ಬಾಗಿಲಲ್ಲಿ ಯಾರಾದರೂ ನೋಡಿದರೆ ಅಂತ ಹಿಂಜರಿಯುವುದು ನನ್ನ ಕಣ್ಣಿಗೆ ಕಟ್ಟಿತು. ತವರಿನ ಚಿನ್ನ ತರುವ ಹೆಂಗಸರು ಅದನ್ನು ಸೆರಗಿನ ತುದಿಯಲ್ಲಿ ಕಟ್ಟಿ ತರುತ್ತಾರೆ, ಗಂಟು ಬಿಚ್ಚುವಾಗ ಕೌಂಟರಿನ ಕಡೆ ನೋಡುವುದಿಲ್ಲ. ತೂಕದ ಮಿಶಿನಿನ ಮೇಲೆ ನಾಲ್ಕು ಪವನಿನ ಸರ ಇಟ್ಟು, "ಇದು ಅಪ್ಪ ಮಾಡಿಸಿದ್ದು" ಅಂತ ಸುಮ್ಮನೆ ಹೇಳುತ್ತಾರೆ. ನಾವು ಕೇಳಿರುವುದಿಲ್ಲ. ಚೀಟಿಯಲ್ಲಿ ಅದನ್ನು ಬರೆಯುವ ಕಾಲಮ್ಮೂ ಇಲ್ಲ.

ಕೊನೆಗೆ ಎಂಟು ಸಾವಿರ ಫ್ರಾಂಕು ಇಪ್ಪತ್ತನಾಲ್ಕು ಗಂಟೆಯೊಳಗೆ ಕಟ್ಟಬೇಕು, ಇಲ್ಲವಾದರೆ ಜಪ್ತಿ. ಅವಳು ಊರೆಲ್ಲ ಸುತ್ತಿ ಹಳೆಯ ಪ್ರಿಯಕರ ರೊಡಾಲ್ಫನ ಮನೆಗೆ ಹೋಗುತ್ತಾಳೆ. ಮೂರು ಸಾವಿರ ಕೇಳುತ್ತಾಳೆ. ಅವನು ಇಲ್ಲ ಅನ್ನುತ್ತಾನೆ. ಆಗ ಅವಳು ಅವನ ಕೋಣೆಯ ಸುತ್ತ ಕಣ್ಣು ಹಾಯಿಸಿ, ಬಂದೂಕಿನ ಹಿಡಿಯ ಬೆಳ್ಳಿ, ಆಮೆ ಚಿಪ್ಪಿನ ಗಡಿಯಾರ, ಒಂದೊಂದನ್ನೇ ತೋರಿಸಿ ಬಡವನಿಗೆ ಇದೆಲ್ಲ ಯಾಕೆ ಅಂತ ಕೇಳುತ್ತಾಳೆ. ಚಂದ್ರನ ಬೆಳಕಲ್ಲಿ ಕೂತು ಪ್ರೇಮ ಮಾಡಿದವಳು ಈಗ ಅವನ ಸೊತ್ತಿಗೆ ಮೌಲ್ಯ ಕಟ್ಟುತ್ತಿದ್ದಾಳೆ. ವಿಷ ತಿನ್ನುವುದು ಆಮೇಲೆ. ನನ್ನ ಲೆಕ್ಕದಲ್ಲಿ ಅವಳು ಸತ್ತದ್ದು ಈ ಕೋಣೆಯಲ್ಲಿ. ಗಂಡನೂ ಸತ್ತ ಮೇಲೆ ಮನೆಯ ಸಾಮಾನೆಲ್ಲ ಮಾರಿ ಉಳಿದದ್ದು 12 ಫ್ರಾಂಕು 75 ಸಾಂಟೀಮು. ಮಗಳನ್ನು ಅಜ್ಜಿಯ ಮನೆಗೆ ಕಳಿಸುವ ದಾರಿ ಖರ್ಚಿಗೆ ಆಯಿತು. ಆ ಮಗು ಕಡೆಗೆ ಹತ್ತಿಯ ಮಿಲ್ಲಿನಲ್ಲಿ ಕೂಲಿಗೆ. ಫ್ಲಾಬೇರ್ ಸಾಂಟೀಮನ್ನೂ ಬಿಡದೆ ಬರೆದ. ಅದಕ್ಕೇ ಅವನಿಗೆ ಮರ್ಯಾದೆ.

ಎರಡನೆಯದು ಎಮಿಲಿ ಬ್ರಾಂಟೆಯ 'ವುದರಿಂಗ್ ಹೈಟ್ಸ್', 1847ರದ್ದು. ಅದರಲ್ಲಿ ಗಾಳಿ ಹೆಚ್ಚು, ಕೂಗಾಟ ಹೆಚ್ಚು, ಒಬ್ಬರಿಗೂ ಸಮಾಧಾನ ಅಂತ ಇಲ್ಲ. ಆದರೆ ಒಂದು ಲೆಕ್ಕ ಬಹಳ ಘಾಟಿಯದ್ದು. ಕ್ಯಾಥರಿನ್‌ಗೆ ಮನಸ್ಸು ಇರುವುದು ಹೀತ್‌ಕ್ಲಿಫ್‌ನ ಮೇಲೆ. ಮದುವೆಯಾಗುವುದು ಸಾಹುಕಾರ ಲಿಂಟನ್‌ನನ್ನು. ಕಾರಣ ಏನು ಹೇಳುತ್ತಾಳೆ ಗೊತ್ತುಂಟಾ? ಗಂಡನ ದುಡ್ಡಿನಿಂದ ಹೀತ್‌ಕ್ಲಿಫ್‌ನನ್ನು ಮೇಲೆ ತರಬಹುದು ಅಂತ. ಒಂದು ಖಾತೆಯ ದುಡ್ಡು ತೆಗೆದು ಇನ್ನೊಂದರ ಬಾಕಿ ತೀರಿಸುವ ಉಪಾಯ. ಅವನು ಅರ್ಧ ಮಾತು ಕೇಳಿ ಊರು ಬಿಟ್ಟು ಹೋಗಿ, ದುಡ್ಡು ಮಾಡಿಕೊಂಡು ಬರುತ್ತಾನೆ. ತನ್ನನ್ನು ಚಾಕರಿಗೆ ಇಟ್ಟುಕೊಂಡಿದ್ದ ಅವಳ ಅಣ್ಣ ಜೂಜಾಡುವಾಗ ದುಡ್ಡು ಕೊಡುತ್ತಾ ಹೋಗುತ್ತಾನೆ, ಜಮೀನನ್ನು ಅಡವು ಬರೆಸಿಕೊಳ್ಳುತ್ತಾ ಹೋಗುತ್ತಾನೆ. ಆ ಅಣ್ಣ ಸತ್ತ ದಿನ ಮನೆ ಇವನದ್ದು. ಕತ್ತಿ ಇಲ್ಲ, ಕೋವಿ ಇಲ್ಲ, ಬರೀ ಕಾಗದ. ಪ್ರೇಮಕತೆ ಅಂತ ಹೇಳಿ ಮೊಮ್ಮಗಳಿಗೆ ಕೊಡುವ ಮೊದಲು ಆ ಅಧ್ಯಾಯ ಓದಿ.

ಫಿಟ್ಜೆರಾಲ್ಡ್‌ನ 'ದಿ ಗ್ರೇಟ್ ಗ್ಯಾಟ್ಸ್‌ಬಿ' 1925ರದ್ದು, ಸಣ್ಣ ಪುಸ್ತಕ. ಹುಡುಗಿಗೆ ಇದು ಬಹಳ ಇಷ್ಟ, ನನಗೆ ಅಷ್ಟಿಲ್ಲ. ಬಡವನಾಗಿದ್ದಾಗ ಕಳೆದುಕೊಂಡ ಡೇಸಿಯನ್ನು ಐದು ವರ್ಷದ ಮೇಲೆ ಪುನಃ ಪಡೆಯಲಿಕ್ಕೆ ಗ್ಯಾಟ್ಸ್‌ಬಿ ಕಳ್ಳ ಸಾರಾಯಿ ದಂಧೆಯಿಂದ ದುಡ್ಡು ಗುಡ್ಡೆ ಹಾಕುತ್ತಾನೆ. ಅವಧಿ ಮೀರಿ ಏಲಂ ಆದ ಒಡವೆಗೆ ಅಸಲು ಬಡ್ಡಿ ಎಲ್ಲ ಹಿಡಿದುಕೊಂಡು ಬಂದು ನಿಲ್ಲುವವರು ಇರುತ್ತಾರೆ. ಅವರಿಗೆ ಎಷ್ಟು ಹೇಳಿದರೂ ಅರ್ಥವಾಗುವುದಿಲ್ಲ, ದುಡ್ಡು ಉಂಟಲ್ಲ ಅನ್ನುತ್ತಾರೆ. ಗ್ಯಾಟ್ಸ್‌ಬಿಯೂ ಅಂಥವನು. ಪಾರ್ಟಿಗಳ ವರ್ಣನೆ ಉದ್ದವಾಯಿತು ಅಂತ ನನ್ನ ಅಭಿಪ್ರಾಯ. ನನಗೆ ಹಿಡಿಸಿದ್ದು ಗರಾಜಿನ ವಿಲ್ಸನ್. ಸಾಹುಕಾರನ ಹಳೆಯ ಕಾರು ಕೊಂಡು ಮಾರಿ ನಾಲ್ಕು ಕಾಸು ನೋಡುವಾ ಅಂತ ಕಾಯುತ್ತಾ ಇರುವ ಪಾಪದವ. ಡೇಸಿಯ ಗಂಡನಾದ ಆ ಸಾಹುಕಾರನೇ ಅವನ ಹೆಂಡತಿಯನ್ನು ಇಟ್ಟುಕೊಂಡಿರುವುದು. ಕಾರು ಓಡಿಸಿದವಳು ಡೇಸಿ, ಗಾಡಿಯ ಅಡಿಗೆ ಬಿದ್ದವಳು ವಿಲ್ಸನ್‌ನ ಹೆಂಡತಿ, ಗುಂಡು ತಿಂದವನು ಗ್ಯಾಟ್ಸ್‌ಬಿ. ದುಡ್ಡಿದ್ದ ಗಂಡಹೆಂಡಿರು ಸಾಮಾನು ಕಟ್ಟಿಕೊಂಡು ಊರು ಬಿಟ್ಟರು. ಇದು ಮಾತ್ರ ಬರೋಬ್ಬರಿ ಬರೆದಿದ್ದಾನೆ.

ಇದರ ನಡುವೆ ಚೀಲದಲ್ಲಿ ಒಂದು ಹಳೆಯ ಧಾರಾವಾಹಿ ಕಾದಂಬರಿಯೂ ಬಂದಿತ್ತು, ಹೆಸರು ಬೇಡ. ಆಸೆಬುರುಕಿ ಹುಡುಗಿ ಬಡ ಪ್ರಿಯಕರನನ್ನು ಬಿಟ್ಟು ಎಸ್ಟೇಟಿನವನನ್ನು ಕಟ್ಟಿಕೊಳ್ಳುತ್ತಾಳೆ, ಕೊನೆಯ ಅಧ್ಯಾಯದಲ್ಲಿ ಘಾಟಿಯಲ್ಲಿ ಲಾರಿ ಬಂದು ಗುದ್ದುತ್ತದೆ. ಅದು ದುರಂತ ಅಲ್ಲ, ಇನ್ಶೂರೆನ್ಸ್ ಕೇಸು. ಮುಂದೆ.

ವಿವೇಕ ಶಾನಭಾಗರ 'ಘಾಚರ್ ಘೋಚರ್' ಬರುವಾಗ ನಮ್ಮ ಭಾಷೆ ಸಿಕ್ಕಿದ ಸುಖವೇ ಬೇರೆ. 2013ರದ್ದು. ಒಂದೇ ಕೂರಿನಲ್ಲಿ ಓದಬಹುದು, ಆದರೆ ರಾತ್ರಿ ಓದಬೇಡಿ. ಅಪ್ಪ ಚಹಾ ಕಂಪನಿಯ ಸೇಲ್ಸ್‌ಮನ್. ಸಣ್ಣ ಮನೆ, ಇರುವೆಗಳ ಕಾಟ, ಅಮ್ಮ ಆ ಇರುವೆಗಳ ಮೇಲೆ ಹೂಡುವ ಯುದ್ಧ. ಅಪ್ಪನ ವಸೂಲಿ ಲೆಕ್ಕ ತಾಳೆಯಾಗದ ರಾತ್ರಿ ಇಡೀ ಮನೆ ಕೂತು ಲೆಕ್ಕ ನೋಡುತ್ತದೆ. ಬ್ಯಾಂಕಿನಲ್ಲಿ ಸಂಜೆ ಕ್ಯಾಶು ಟ್ಯಾಲಿ ಆಗದೆ ಬೆವರಿದವರು ಆ ಪುಟ ಓದಬೇಕು. ಆಮೇಲೆ ಚಿಕ್ಕಪ್ಪನ ಮಸಾಲೆ ವ್ಯಾಪಾರ ಕೈಹಿಡಿದು ದುಡ್ಡು ಬರುತ್ತದೆ. ಆಗ ಆ ಮನೆಯವರು ಒಬ್ಬರನ್ನೊಬ್ಬರು ಪ್ರೀತಿಸುವ ರೀತಿಯೇ ಬೇರೆಯಾಗುತ್ತದೆ. ಪ್ರೀತಿ ಇಲ್ಲ ಅಂತ ಅಲ್ಲ, ಇದೆ, ಆದರೆ ಅದು ದುಡ್ಡು ಎಲ್ಲಿಂದ ಬರುತ್ತದೋ ಅಲ್ಲಿಗೆ ಕಾವಲು ಕೂತಿದೆ. ಹೊರಗಿನಿಂದ ಬಂದ ಸೊಸೆ ಅನಿತಾ ಮಾತ್ರ ಇದ್ದದ್ದನ್ನು ಇದ್ದ ಹಾಗೆ ಹೇಳುವವಳು. ಕೊನೆ ಹೇಳುವುದಿಲ್ಲ. ಪುಸ್ತಕದಲ್ಲೂ ಬಾಯಿಬಿಟ್ಟು ಹೇಳಿಲ್ಲ. ಉಳಿದ ಪುಸ್ತಕಗಳಲ್ಲಿ ಸಾಲ ಕೊಡುವವ ಹೊರಗಿನವನಾದರೆ, ಇಲ್ಲಿ ಅವನು ಊಟಕ್ಕೆ ಪಕ್ಕದ ಎಲೆಯಲ್ಲೇ ಕೂತಿರುತ್ತಾನೆ. ಕಟ್ಟಿನಲ್ಲಿ ನನ್ನನ್ನು ಹೆಚ್ಚು ಹೆದರಿಸಿದ್ದು ಇದು.

ಓದಿದ ಮೇಲಿನ ಮಾತುಕತೆ ಒಂದು ಭಾನುವಾರ ಲೈಬ್ರರಿಯ ಮೇಲಿನ ಶೀಟಿನ ಹಾಲಿನಲ್ಲಿ. ಮಳೆ ಬಂದರೆ ಅಲ್ಲಿ ಯಾರ ಮಾತೂ ಕೇಳುವುದಿಲ್ಲ. ಪುಣ್ಯಕ್ಕೆ ಅಂದು ನಮ್ಮ ಕಡೆಯ ಒಬ್ಬ ಅರ್ಥಧಾರಿಗಳು ಬಂದಿದ್ದರು, ವೇಷವಿಲ್ಲದೆ ಕೂತು ಮಾತಿನಲ್ಲೇ ಯಕ್ಷಗಾನದ ಪಾತ್ರ ನಡೆಸುವವರು, ತಾಳಮದ್ದಳೆಯ ಗಂಟಲು. ಇಂಗ್ಲಿಷ್ ಪುಸ್ತಕ ತಾನು ಓದಲಿಲ್ಲ, ನಮ್ಮದೇ ಚಂದ್ರಹಾಸನ ಕತೆ ಸಾಲದಾ ಅಂತ ಶುರುಮಾಡಿದರು. ಗೊತ್ತಿಲ್ಲದವರಿಗೆ: ಲಕ್ಷ್ಮೀಶನ ಜೈಮಿನಿ ಭಾರತದ ಕತೆ. ಕೇರಳದ ಅರಸುಮಗ ಅನಾಥನಾಗಿ ಕುಂತಳ ದೇಶ ಸೇರುತ್ತಾನೆ (ನಮ್ಮದು ಇದರ ಉಲ್ಟಾ ಅಂತ ಯಾರೋ ಹಿಂದಿನಿಂದ ಹೇಳಿದರು). ರಾಜ್ಯ ಇವನ ಪಾಲಾಗುತ್ತದೆ ಅಂತ ತಿಳಿದ ಮಂತ್ರಿ ದುಷ್ಟಬುದ್ಧಿ ಅವನನ್ನು ಕೊಲ್ಲಿಸಲು ನೋಡುತ್ತಾನೆ. ಕಟುಕರು ಕಾಲಿನ ಆರನೆಯ ಬೆರಳನ್ನು ಮಾತ್ರ ಕಡಿದು ತಂದು ತೋರಿಸುತ್ತಾರೆ. ಕೊನೆಗೆ ಚಂಡಿಕೆಯ ಗುಡಿಯಲ್ಲಿ ಅವನಿಗೆ ಅಂತ ಇಟ್ಟ ಕತ್ತಿಗೆ ಸಿಕ್ಕುವವನು ದುಷ್ಟಬುದ್ಧಿಯ ಸ್ವಂತ ಮಗ ಮದನ.

ಅರ್ಥಧಾರಿಗಳು ಎದ್ದು ನಿಂತು ದುಷ್ಟಬುದ್ಧಿಯಾಗಿಯೇ ಮಾತಾಡಿದರು. "ನಾನು ಆಸೆಪಟ್ಟದ್ದು ನನಗಾಗಿಯಾ? ಈ ಮುದಿ ಹೊಟ್ಟೆಗೆ ಎಷ್ಟು ಅನ್ನ ಬೇಕು? ಎಲ್ಲ ನನ್ನ ಮದನನಿಗೆ. ಮಗನ ಮೇಲಿನ ಪ್ರೀತಿಯನ್ನು ಲೋಭ ಎನ್ನುವ ಸಭಿಕರೇ, ನಿಮ್ಮ ನಿಮ್ಮ ತೋಟ ಯಾರ ಹೆಸರಿಗೆ ಬರೆದಿಟ್ಟಿದ್ದೀರಿ, ಒಮ್ಮೆ ಹೇಳಿ ನೋಡುವಾ!"

ಹಾಲಿಡೀ ನಗು. ಎರಡು ಮೂರು ಜನ ನಗಲಿಲ್ಲ, ಅದನ್ನೂ ನೋಡಿದೆ.

ಲೈಬ್ರೇರಿಯನ್ ಹುಡುಗಿ ಕೂತಲ್ಲಿಂದಲೇ, "ವಿಷಯೆಯೂ ನಿಮ್ಮ ಮಗಳೇ ಅಲ್ವಾ ಮಂತ್ರಿಗಳೇ? ಅವಳ ಪಾಲು?" ಅಂದಳು.

ಅರ್ಥಧಾರಿಗಳು ಸೋಲುವ ಜಾತಿಯಲ್ಲ. "ಬಾಲಿಕೇ, ಆ ಪ್ರಶ್ನೆಯನ್ನು ಲಕ್ಷ್ಮೀಶನಲ್ಲಿ ಕೇಳು" ಅಂತ ಹೇಳಿ, ಚಾ ಬಂತು ಅಂತ ಎದ್ದರು. ಆದರೂ ಅವರ ಮಾತು ನನಗೆ ಹಿಡಿಯಿತು. ಎಮ್ಮಾ, ಗ್ಯಾಟ್ಸ್‌ಬಿ, ಎಲ್ಲರೂ ತಮ್ಮ ಆಸೆಗೆ ಪ್ರೀತಿ ಅಂತಲೇ ಹೆಸರು ಬರೆಸಿದವರು. ವ್ಯತ್ಯಾಸ ಇಷ್ಟೆ: ನಮ್ಮ ಕತೆಯಲ್ಲಿ ಮಗನೂ ತಲೆ ಒಡೆದುಕೊಂಡ ಅಪ್ಪನೂ ದೇವಿಯ ಕೃಪೆಯಿಂದ ಪುನಃ ಏಳುತ್ತಾರೆ, ಮಂಗಳ ಹಾಡಿ ಮನೆಗೆ ಹೋಗಬಹುದು. ಫ್ಲಾಬೇರನಲ್ಲಿ ಏಳಿಸಲಿಕ್ಕೆ ಯಾರೂ ಬರುವುದಿಲ್ಲ. ಯಾವುದು ಮೇಲು ಅಂತ ಕೇಳಿದರೆ, ಮಳೆಗಾಲದಲ್ಲಿ ನನಗೆ ದೇವಿ ಬರುವುದೇ ಒಳ್ಳೆಯದು.

ಇನ್ನು ದೂರುಗಳು. ಬೈಂಡಿಂಗ್ ಮಾಡಿಸುವಾಗ ಅಂಚು ಕತ್ತರಿಸಿ ಎಷ್ಟು ಒಳಗೆ ಹೊಲಿದಿದ್ದಾರೆ ಅಂದರೆ, ಬೆನ್ನಿನ ಹತ್ತಿರದ ಅಕ್ಷರ ಓದಲು ಪುಸ್ತಕವನ್ನು ಹಲಸಿನ ಹಣ್ಣಿನ ಹಾಗೆ ಸೀಳಿ ಹಿಡಿಯಬೇಕು. 'ಬೊವಾರಿ'ಯ ಮಧ್ಯದ ಒಂದು ಪುಟದಲ್ಲಿ ಯಾರೋ ಪುಣ್ಯಾತ್ಮರು ಪೆನ್ಸಿಲಿನಲ್ಲಿ "ಇವಳು ಕೊನೆಗೆ ಸಾಯ್ತಾಳೆ" ಅಂತ ಬರೆದಿದ್ದಾರೆ. ಅವರಿಗೆ ಒಳ್ಳೆಯದಾಗಲಿ. ದೊಡ್ಡ ದೂರು ಕನ್ನಡದ್ದು. ಕಪಾಟುಗಳಲ್ಲಿ ಕನ್ನಡಕ್ಕೆ ಸಿಕ್ಕಿದ್ದು ಬಾಗಿಲ ಹಿಂದಿನ ಒಂದು, ಬಾಗಿಲು ತೆರೆದರೆ ಅದು ಮುಚ್ಚಿಹೋಗುತ್ತದೆ. ಅದರಲ್ಲಿ ಕಾರಂತರು, ಕಯ್ಯಾರರು, ಗೋವಿಂದ ಪೈಗಳು ಭದ್ರವಾಗಿದ್ದಾರೆ, ಆದರೆ ಈಚೆಗೆ ಬಂದ ಪುಸ್ತಕ ಬೆರಳೆಣಿಕೆಯಷ್ಟು. ಗ್ರಾಂಟು ಬಂದಾಗ ಪುಸ್ತಕ ಮೇಳಕ್ಕೆ ಹೋಗುವವರು ಮಲಯಾಳಂ ಕೊಂಡು ಬರುತ್ತಾರೆ. ಹುಡುಗಿಯ ಹತ್ತಿರ ಕೇಳಿದರೆ, "ರಿಜಿಸ್ಟರಿನಲ್ಲಿ ಕನ್ನಡ ಓದುವವರ ಹೆಸರು ಕಾಣಬೇಕಲ್ಲ ಅಕ್ಕಾ, ನೀವು ನಾಲ್ಕು ಜನ ಬಿಟ್ಟರೆ ಯಾರು?" ಅನ್ನುತ್ತಾಳೆ. ಅವಳು ಸ್ವತಃ ಮನೆಯಲ್ಲಿ ಮಲಯಾಳಂ ಮಾತಾಡುವವಳು, ಕನ್ನಡವನ್ನು ಶಾಲೆಯಲ್ಲಿ ಕಲಿತದ್ದು. ಆದರೂ ಆರಿಸಿ ತರುವುದರಲ್ಲಿ ಅವಳಿಗೆ ಸಮ ಇಲ್ಲ.

ಸೇವೆಗೆ ಐದರಲ್ಲಿ ನಾಲ್ಕೂವರೆ, ಕನ್ನಡ ಕಪಾಟಿಗೆ ಎರಡು. ಚಂದಾ ತೀರ ಸಣ್ಣದು, ದುಡ್ಡಿನ ಮಾತೇ ಬೇಡ. ಎಲ್ಲ ಗ್ರಂಥಾಲಯದಲ್ಲೂ ಮನೆಗೆ ತಂದುಕೊಡುವ ವ್ಯವಸ್ಥೆ ಇಲ್ಲ, ನಿಮ್ಮ ಹತ್ತಿರದ್ದರಲ್ಲಿ ಒಮ್ಮೆ ವಿಚಾರಿಸಿ. ಇದ್ದರೆ ಹೆಸರು ಬರೆಸುವಾಗಲೇ "ನನಗೆ ಕನ್ನಡ ಪುಸ್ತಕ ಬೇಕು" ಅಂತ ರಿಜಿಸ್ಟರಿನಲ್ಲಿ ಬರೆಸಿಕೊಳ್ಳಿ, ಬಾಯಿಮಾತಿನಲ್ಲಿ ಬಿಡಬೇಡಿ. ಮೇಳಕ್ಕೆ ಹೋಗುವ ಮೊದಲು ಸಮಿತಿಯವರು ನೋಡುವುದು ಅದನ್ನೇ.